ಎಡಕ್ಕೊಂದು ಕೆಳನೋಟ

ಅಂಬುಜಾ ಅಕ್ಕೋರು ತಮ್ಮ ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಮಂಡಿಗೆ ಹಚ್ಚಿದ ಎಣ್ಣೆಯ ವಾಸನೆ ಇನ್ನೂ ಆರದಿರುವಾಗಲೇ, ಬಾದಾಮಿಯ ಅರವತ್ತಡಿ ಕೆಂಪು ಬಂಡೆಯೊಂದನ್ನು ಹನ್ನೊಂದು ನಿಮಿಷದಲ್ಲಿ ಹತ್ತಿದರು. ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದ ಅವರು ಅಲ್ಲಿಯವರೆಗೆ ಹತ್ತಿದ್ದ ಅತಿ ಎತ್ತರದ ಜಾಗವೆಂದರೆ ವಾರ್ಷಿಕೋತ್ಸವದ ವೇದಿಕೆ. ಅಟ್ಟದ ಮೇಲಿನ ಡಬ್ಬಿ ಇಳಿಸಬೇಕಾದರೂ ಪಕ್ಕದ ಮನೆಯವರನ್ನು ಕೂಗುತ್ತಿದ್ದವರು. ಈಗ ಅವರ ಎಡಗೈ ಬೆರಳುಗಳು ಬಂಡೆಯ ಸಣ್ಣ ಅಂಚೊಂದನ್ನು ಹುಣಸೆಬೀಜ ಹಿಡಿದಂತೆ ಚಿವುಟಿ ಹಿಡಿದವು. ಬಲಗಾಲು ಸೊಂಟದೆತ್ತರಕ್ಕೆ ಏರಿತು. ಕತ್ತು ಒಮ್ಮೆ ಎಡಕ್ಕೆ, ಕೆಳಕ್ಕೆ ಹೊರಳಿ ಮತ್ತೆ ನೇರವಾಯಿತು. ದೇಹ ಮೇಲಕ್ಕೆ ಚಿಮ್ಮಿತು. ತುದಿಯ ಕೊಂಡಿ ಮುಟ್ಟಿ, ಹಗ್ಗದಲ್ಲಿ ಜೋತು ಇಳಿದು ಬಂದವರೇ ಏನೂ ನಡೆದಿಲ್ಲವೆಂಬಂತೆ ಸೆರಗು ಹುಡುಕಿದರು. ಸೆರಗು ಇರಲಿಲ್ಲ. ಅವರು ಮೈಗನ್ನಡಿ ತೊಟ್ಟಿದ್ದರು.

ಬುಡದಲ್ಲಿ ಚುರುಮುರಿ ತಿನ್ನುತ್ತ ಕುಳಿತಿದ್ದ ಅವರ ನಾದಿನಿ ಗೋದಾವರಿ ಇಷ್ಟೇ ಹೇಳಿದಳು. "ಭಾಳ ಸಾವಕಾಶ ಹತ್ತಿದ್ರಿ ವೈನಿ."

ಕೈಗನ್ನಡಿ ನಮ್ಮ ಮುಖವನ್ನು ನಮಗೆ ತೋರಿಸುತ್ತದೆ. ಮೈಗನ್ನಡಿ ಇನ್ನೊಬ್ಬರ ಮೈಯನ್ನು ನಮಗೆ ತೊಡಿಸುತ್ತದೆ. ನೋಡಲು ಅದು ಕುತ್ತಿಗೆಯಿಂದ ಪಾದದವರೆಗೆ ಬಿಗಿಯಾಗಿ ಕೂರುವ ಬೂದುಬಣ್ಣದ ಉಡುಪು, ಅಷ್ಟೆ. ಮೊದಲು ಅದನ್ನು ನುರಿತ ಆರೋಹಿಯೊಬ್ಬನಿಗೆ ತೊಡಿಸಿ ತಿಂಗಳೆರಡು ತಿಂಗಳು ಬಂಡೆ ಹತ್ತಿಸುತ್ತಾರೆ. ಯಾವ ಕ್ಷಣದಲ್ಲಿ ಯಾವ ಸ್ನಾಯು ಎಷ್ಟು ಬಿಗಿಯಬೇಕೆಂದು ಅವನ ಮಿದುಳು ಕಳಿಸುವ ಆಜ್ಞೆಗಳನ್ನೆಲ್ಲ ಬಟ್ಟೆಯೊಳಗಿನ ಸಂವೇದಕಗಳು ಬರೆದುಕೊಳ್ಳುತ್ತವೆ. ಈ ಬರಹದ ಹೆಸರು ಸ್ನಾಯುಲಿಪಿ, ಬರೆಸಿದವನು ಮೂಲದೇಹಿ. ಆಮೇಲೆ ಅದನ್ನು ಯಾರು ತೊಟ್ಟರೂ ಹಣೆಪಟ್ಟಿಯ ಕ್ಯಾಮೆರಾ ಎದುರಿನ ಬಂಡೆಯನ್ನು ನೋಡಿ ತಕ್ಕ ಚಲನೆಯನ್ನು ಲಿಪಿಯಿಂದ ಆಯುತ್ತದೆ, ಉಡುಪು ಅದನ್ನು ತೊಟ್ಟವರ ಸ್ನಾಯುಗಳಿಗೆ ಓದಿ ಹೇಳುತ್ತದೆ. ಕಡಿಮೆ ಬಿದ್ದ ಶಕ್ತಿಯನ್ನು ಬಟ್ಟೆಯಲ್ಲೇ ನೇಯ್ದಿರುವ ಬಲನೂಲುಗಳು ತುಂಬಿಕೊಡುತ್ತವೆ.

ಇದನ್ನು ಕಂಡುಹಿಡಿದ ಡಾಕ್ಟರ್ ವಿಶಾಖಾ ಕಟಗೇರಿಗೆ ಬಂಡೆಯ ಹುಚ್ಚೇನೂ ಇರಲಿಲ್ಲ. ಲಕ್ವ ಹೊಡೆದು ನಡೆಯುವುದನ್ನೇ ಮರೆತವರಿಗೆ ನಡಿಗೆ ಮರಳಿಸುವುದು ಅವರ ಗುರಿ. ಪರೀಕ್ಷೆಗೆ ಮಾತ್ರ ಬಂಡೆಯನ್ನು ಆರಿಸಿಕೊಂಡಿದ್ದರು. ನೆಲದ ಮೇಲೆ ತಪ್ಪು ಹೆಜ್ಜೆ ಇಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಬಂಡೆಯ ಮೇಲೆ ಇಟ್ಟರೆ ಇಡೀ ಊರಿಗೆ ಗೊತ್ತಾಗುತ್ತದೆ ಎಂಬುದು ಅವರ ಲೆಕ್ಕಾಚಾರ. ಅಕ್ಕೋರ ಹೊತ್ತಿಗೆ ನಾನೂರ ಹದಿನೇಳು ಜನ ಬಂಡೆ ಹತ್ತಿಳಿದಿದ್ದರು. ಎಲ್ಲರೂ ಒಬ್ಬನೇ ಮೂಲದೇಹಿಯ ನಕಲು. ಆತನ ಹೆಸರು ಯಮನೂರಪ್ಪ.

ಆ ಹೆಸರು ಕೇಳಿದರೆ ಹೊಟ್ಟೆಯಲ್ಲಿರುವ ಬೆಳಗಿನ ಮಂಡಕ್ಕಿಗೆ ಎರಡನೇ ಸಲ ಒಗ್ಗರಣೆ ಬೀಳುತ್ತಿದ್ದ ಮನುಷ್ಯನೊಬ್ಬ ಊರಿನಲ್ಲಿದ್ದ. ಆತ ಮುರಿಗೆಪ್ಪ. ವಯಸ್ಸು ನಲವತ್ತಾರು, ಕಸುಬು ಹೊಲಕ್ಕೆ ಔಷಧಿ ಸಿಂಪಡಿಸುವ ಡ್ರೋನುಗಳ ರಿಪೇರಿ. ಇಪ್ಪತ್ತು ವರ್ಷದಿಂದ ಬಂಡೆ ಹತ್ತುತ್ತಿದ್ದ. ಇಪ್ಪತ್ತು ವರ್ಷದಿಂದ ಯಮನೂರಪ್ಪನೂ ಹತ್ತುತ್ತಿದ್ದ, ಒಂದು ಕೈ ಮೇಲೆಯೇ. ಮುರಿಗೆಪ್ಪನಿಗೆ ಅವನ ಬೆರಳುಗಳ ಮೇಲೆ ಹೊಟ್ಟೆಕಿಚ್ಚು, ಅವನ ಮೊಣಕಾಲಿನ ಮೇಲೆ ಹೊಟ್ಟೆಕಿಚ್ಚು. ಅಷ್ಟೇಕೆ, ಅವನ ಬೆವರಿನ ಮೇಲೂ ಹೊಟ್ಟೆಕಿಚ್ಚು. ಯಮನೂರಪ್ಪನ ಬೆವರು ಮರ್ಯಾದೆಯಿಂದ ಬೆನ್ನಿಗೆ ಇಳಿಯುತ್ತಿತ್ತು. ಮುರಿಗೆಪ್ಪನದು ನೇರ ಅಂಗೈಗೆ. ಮೈಗನ್ನಡಿಗೆ ಮೂಲದೇಹಿಯನ್ನು ಆರಿಸುವಾಗ ತನ್ನನ್ನು ಯಾರೂ ಕೇಳಲೇ ಇಲ್ಲ ಎಂಬ ಸಂಕಟ ಬೇರೆ. ಲಿಪಿ ಬರೆಸಿದ ಎರಡು ತಿಂಗಳೂ ಆತ ಅಂಗಡಿ ಮುಚ್ಚಿ, ಬುತ್ತಿ ಕಟ್ಟಿಕೊಂಡು ಬಂದು, ಬಂಡೆಯ ಬುಡದ ಬೇವಿನ ಮರದ ಕೆಳಗಿನ ಚಪ್ಪಟೆ ಕಲ್ಲಿನ ಮೇಲೆ ಕುಳಿತು, ಯಮನೂರಪ್ಪ ಒಮ್ಮೆಯಾದರೂ ಜಾರಲಿ ಎಂದು ಕಾದಿದ್ದ. ಅವನು ಜಾರಲಿಲ್ಲ. ಬುತ್ತಿಯ ಮೊಸರನ್ನ ಮಾತ್ರ ದಿನಾ ಹುಳಿಯಾಯಿತು.

ಈಗ ಅಕ್ಕೋರೂ ಯಮನೂರಪ್ಪನ ಹಾಗೆ ಹತ್ತತೊಡಗಿದರೆ ಬದುಕಿ ಏನು ಸುಖ? ಆದರೆ ಅವನ ನಿಜವಾದ ಚಿಂತೆ ಬೇರೆ ಇತ್ತು. ಅದು ಕೆಂಪು ಪಟ್ಟಿ.

ಬಂಡೆಗಾರರ ಸಂಘದಲ್ಲಿ ಒಂದು ಪದ್ಧತಿಯಿದೆ. ಇನ್ನೂ ಯಾರೂ ಹತ್ತದ ಗೋಡೆಯೊಂದನ್ನು, ಅಂದರೆ ಬಂಡೆಯ ಕಡಿದಾದ ಮುಖವೊಂದನ್ನು, ಹುಡುಕಿ, ಹಾವಸೆ ಉಜ್ಜಿ ತೆಗೆದು, ಹಗ್ಗ ಸಿಕ್ಕಿಸುವ ಬೋಲ್ಟುಗಳನ್ನು ಕೊರೆದು ಕೂರಿಸಿದವನು ಮೊದಲ ಬೋಲ್ಟಿಗೆ ಕೆಂಪು ಬಟ್ಟೆಯ ಪಟ್ಟಿ ಕಟ್ಟುತ್ತಾನೆ. ಹೆಣ್ಣು ನೋಡಿ ಹೂ ಮುಡಿಸಿದ ಹಾಗೆ. ಅವನು ಹತ್ತುವವರೆಗೆ ಬೇರೆಯವರು ಆ ಗೋಡೆಯನ್ನು ಮುಟ್ಟುವುದಿಲ್ಲ. ನಡುವೆ ಹಗ್ಗದ ಮೇಲೆ ಭಾರ ಬಿಡದೆ ಮೊಟ್ಟಮೊದಲು ತುದಿ ಮುಟ್ಟಿದವರು ಗೋಡೆಗೆ ಹೆಸರಿಡುತ್ತಾರೆ, ಬುಡದ ಕಲ್ಲಿನ ಮೇಲೆ ಆ ಹೆಸರನ್ನು ಬರೆಯುತ್ತಾರೆ. ಆದರೆ ಪಟ್ಟಿಯ ಆಯುಸ್ಸು ಹತ್ತೇ ವರ್ಷ. ಆಮೇಲೆ ಗೋಡೆ ಎಲ್ಲರದು.

ಮುರಿಗೆಪ್ಪ ಈವರೆಗೆ ಹದಿನೇಳು ಗೋಡೆ ಹುಡುಕಿದ್ದ. ಹದಿನೇಳಕ್ಕೂ ಹಾವಸೆ ಉಜ್ಜಿದ್ದ, ತಿಂಗಳುಗಟ್ಟಲೆ ಒದ್ದಾಡಿದ್ದ, ಬೇಸತ್ತು ಪಟ್ಟಿ ಬಿಚ್ಚಿದ್ದ. ಬಿಚ್ಚಿದ ಮರುವಾರವೇ ಯಮನೂರಪ್ಪ ಬಂದು ಒಂದೇ ಏಟಿಗೆ ಹತ್ತಿ ಹೆಸರಿಟ್ಟುಹೋಗಿದ್ದ. ಹದಿನೆಂಟನೆಯದನ್ನು ಮಾತ್ರ ಮುರಿಗೆಪ್ಪ ಬಿಟ್ಟುಕೊಟ್ಟಿರಲಿಲ್ಲ. ಅದೇ ಬೇವಿನ ಮರದ ಪಕ್ಕದಲ್ಲಿ, ಏಳನೇ ಬೋಲ್ಟಿನ ಹತ್ತಿರ ಛತ್ರಿಯಂತೆ ಹೊರಗೆ ಬಾಗಿದ ಗೋಡೆ ಅದು. ಅಲ್ಲಿಗೆ ಮುಟ್ಟಿದ ಪ್ರತಿ ಸಲವೂ ಅವನ ಕಾಲುಗಳು ಬಂಡೆ ಬಿಟ್ಟು ಗಾಳಿಯಲ್ಲಿ ತೂಗಾಡುತ್ತಿದ್ದವು. ಅದಕ್ಕಿಡಲು ಹದಿಮೂರು ಹೆಸರುಗಳನ್ನು ಡ್ರೋನ್ ರಿಪೇರಿಯ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದ. 'ಕೈ ಸಾಲಲಿಲ್ಲೇನು', 'ಇನ್ನ ಮನಿಗಿ ನಡಿ', ಹೀಗೆ. ಹದಿಮೂರನ್ನೂ ಓದಬೇಕಾದವನು ಒಬ್ಬನೇ, ಯಮನೂರಪ್ಪ. ಆ ಗೋಡೆಯ ಕೆಂಪು ಪಟ್ಟಿಗೆ ಬರುವ ಭಾನುವಾರ ಸೂರ್ಯ ಮುಳುಗಿದರೆ ಹತ್ತು ವರ್ಷ.

ಸೋಮವಾರ ಬೆಳಿಗ್ಗೆ ಆತ ಡಾಕ್ಟರ್ ವಿಶಾಖಾ ಅವರ ಪ್ರಯೋಗಾಲಯಕ್ಕೆ ಹೋದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಹಳ ಹೊತ್ತು ಹವೆಯ ಬಗ್ಗೆ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದ.

"ಬಾಯಾರ, ಆ ಅಂಗಿಯೊಳಗ ಅಂವನ್ನ ಬಿಟ್ಟು ಬ್ಯಾರೆ ಯಾರರ ಅದಾರೇನ್ರಿ?"

"ಇಲ್ರಿ ಮುರಿಗೆಪ್ಪಾರ. ಇರೋದು ಒಂದ ಲಿಪಿ."

"ಹಂಗಂದ್ರ ನಾ ಯಮನ್ಯಾನ್ನ ಮೈಮ್ಯಾಲೆ ಬರಿಸ್ಕೋಬೇಕು."

"ಹೌದ್ರಿ. ಉದಿನಕಡ್ಡಿ, ನಿಂಬಿಹಣ್ಣು ಏನೂ ಬೇಕಾಗಿಲ್ಲ. ಒಗದು ಒಣಗಿಸಿದ್ದು ಐತಿ, ಇವತ್ತ ತೊಗೊಂಡು ಹೋಗ್ರಿ."

ಆತ ತೆಗೆದುಕೊಂಡು ಹೋದ. ದ್ವೇಷಿಸುವವನ ಅಂಗಿ ತೊಡುವುದು ಕಷ್ಟ, ಅದು ತನಗೆ ಚೆನ್ನಾಗಿ ಒಪ್ಪಿದರೆ ಇನ್ನೂ ಕಷ್ಟ. ಮೂರು ದಿನ ಸಣ್ಣ ಗೋಡೆಗಳಲ್ಲಿ ಅಭ್ಯಾಸ ಮಾಡಿದ. ಜೀವಮಾನದಲ್ಲಿ ಹಿಡಿಯಲಾಗದಿದ್ದ ಅಂಚುಗಳನ್ನು ಅವನ ಬೆರಳುಗಳು ಹಳೆಯ ಪರಿಚಯದವರಂತೆ ಹಿಡಿದವು. ಸೊಂಟ ಬಂಡೆಗೆ ಅಂಟಿಕೊಂಡಿತು. ಹೀಗೂ ಹತ್ತಬಹುದೇ ಎಂದು ಅವನಿಗೆ ಸಂತೋಷವಾಯಿತು. ಇಪ್ಪತ್ತು ವರ್ಷ ಯಮನೂರಪ್ಪನಿಗೆ ಹೀಗೇ ಅನ್ನಿಸುತ್ತಿತ್ತೇ ಎಂದು ಮರುಕ್ಷಣವೇ ಹೊಟ್ಟೆ ಉರಿಯಿತು. ಒಂದು ಮಾತ್ರ ಕಿರಿಕಿರಿ. ಕಷ್ಟದ ಹಿಡಿ ಬಂದಾಗಲೆಲ್ಲ ಕತ್ತು ಅವನನ್ನು ಕೇಳದೆ ಎಡಕ್ಕೆ, ಕೆಳಕ್ಕೆ ತಿರುಗಿ ಅರ್ಧ ಉಸಿರಿನಷ್ಟು ಹೊತ್ತು ನಿಂತುಬಿಡುತ್ತಿತ್ತು.

ಗುರುವಾರ ಪ್ರಯೋಗಾಲಯಕ್ಕೆ ಹೋಗಿ ಉಡುಪಿನ ಕುತ್ತಿಗೆ ಕೆಟ್ಟಿದೆ ಎಂದು ದೂರು ಕೊಟ್ಟ.

ಕೆಟ್ಟಿಲ್ಲವೆಂದರು ಡಾಕ್ಟರ್ ವಿಶಾಖಾ. ತೊಟ್ಟವರೆಲ್ಲರ ಕತ್ತೂ ಹಾಗೇ ತಿರುಗುತ್ತದೆ. ಅವರು ಮೊದಲು ಅದನ್ನು ಪೋಲುಚಲನೆ, ಅಂದರೆ ಕೆಲಸಕ್ಕೆ ಬಾರದ ಅಲುಗಾಟ ಎಂದುಕೊಂಡು ಲಿಪಿಯಿಂದ ಅಳಿಸಿ ನೋಡಿದ್ದರು. ಅಳಿಸಿದ ದಿನ ಹತ್ತಿದ ಐದು ಜನರೂ ಬಾಗಿದ ಬಂಡೆಯಲ್ಲಿ ಬಿದ್ದಿದ್ದರು. ಮತ್ತೆ ಸೇರಿಸಬೇಕಾಯಿತು. ಅದರಿಂದ ಸಣ್ಣಪುಟ್ಟ ದೂರುಗಳೂ ಬರುತ್ತಿದ್ದವು. ಎರಡು ದಿನ ಮೈಗನ್ನಡಿ ತೊಟ್ಟ ನಿವೃತ್ತ ತಹಶೀಲ್ದಾರರೊಬ್ಬರು ಮನೆಗೆ ಹೋದ ಮೇಲೂ ಊಟದ ಪಂಕ್ತಿಯಲ್ಲಿ ಎಡಗಡೆಯವರ ಎಲೆಯನ್ನು ಬಗ್ಗಿ ನೋಡುತ್ತಿದ್ದರಂತೆ. ತಮ್ಮ ಎಲೆಯ ಹೋಳಿಗೆಗಿಂತ ಅಲ್ಲಿನದು ದೊಡ್ಡದಾಗಿ ಕಾಣುತ್ತಿತ್ತಂತೆ.

ಡಾಕ್ಟರ್ ಪರದೆಯ ಮೇಲೆ ಎರಡು ಗೆರೆಗಳನ್ನು ತೋರಿಸಿದರು. ಮೇಲಿನದು ಕತ್ತಿನದು, ಕೆಳಗಿನದು ಹೊಟ್ಟೆಯದು. ಕತ್ತು ಹೊರಳಿದ ಅರ್ಧ ಸೆಕೆಂಡಿಗೆ ಹೊಟ್ಟೆಯ ಸ್ನಾಯುಗಳು ಕಲ್ಲಿನಂತೆ ಬಿಗಿಯುತ್ತಿದ್ದವು. ಹೊರಕ್ಕೆ ಬಾಗಿದ ಬಂಡೆಯಲ್ಲಿ ಕೈ ಹಿಡಿಯುವುದು ಅರ್ಧ ಕೆಲಸ ಮಾತ್ರ, ಕಾಲು ಬಂಡೆ ಬಿಡದಂತೆ ಕಾಯುವುದು ಹೊಟ್ಟೆ. ಯಮನೂರಪ್ಪನ ಗುಟ್ಟು ಬೆರಳಿನಲ್ಲಿಲ್ಲ, ಹೊಟ್ಟೆಯಲ್ಲಿದೆ ಎಂದು ಅವರು ವಿವರಿಸಿದರು. ಉಡುಪು ಕೈಕಾಲುಗಳನ್ನು ಎಳೆದು ಕುಣಿಸಬಲ್ಲದು. ಹೊಟ್ಟೆಯನ್ನು ಹೊರಗಿನಿಂದ ಬಿಗಿದರೆ ಮಾತ್ರ ಉಸಿರೇ ನಿಂತೀತು. ಅದಕ್ಕೆ ಅಲ್ಲಿ ಬಲನೂಲು ಹಾಕಿಲ್ಲ, ಬಿಗಿ ಮಾಡು ಎಂದು ಸಣ್ಣಗೆ ಚಿವುಟುತ್ತದಷ್ಟೆ. ಮಾಡಿಕೊಳ್ಳಬೇಕಾದವರು ತೊಟ್ಟವರೇ.

"ಅಂವ ಏನರ ನೋಡ್ತಿದ್ದ ಅಂತೀನ್ರಿ," ಎಂದರು ಡಾಕ್ಟರ್. "ನೋಡಿದ ಕೂಡ್ಲೆ ಹೊಟ್ಟಿ ಬಿಗಿ ಆಗ್ತೈತಿ. ಲಿಪಿ ಬರೆಸೋ ಮುಂದ ಬಂಡಿ ಬುಡಕ್ಕ, ಎಡಗಡೆ, ಏನಿತ್ತು?"

ಮುರಿಗೆಪ್ಪ ಹೊಟ್ಟೆಯ ಗೆರೆಯನ್ನು ನೋಡುತ್ತ ಕುಳಿತ. ಆ ಬಿಗಿತ ಅವನಿಗೆ ಹೊಸದಲ್ಲ. ಇಪ್ಪತ್ತು ವರ್ಷದಿಂದ ಅದನ್ನು ದಿನಕ್ಕೆ ಹತ್ತು ಸಲ ತನ್ನ ಹೊಟ್ಟೆಯಲ್ಲೇ ಸಾಕಿದ್ದ. ಎಡಗಡೆ ಬೇವಿನ ಮರವಿತ್ತು. ಮರದ ಕೆಳಗೆ ಚಪ್ಪಟೆ ಕಲ್ಲಿತ್ತು.

"ನಾ ಇದ್ನಿರಿ," ಎಂದ.

ಮನೆಗೆ ಹೋಗಿ ಎರಡು ದಿನ ಯೋಚಿಸಿದ. ಯಮನೂರಪ್ಪನಂಥವನಿಗೆ ತನ್ನ ಮೇಲೆ ಹೊಟ್ಟೆಕಿಚ್ಚೇ? ಯಾತಕ್ಕೆ? ತನ್ನಲ್ಲಿ ಅಂಥದ್ದೇನಿದೆ ಎಂದು ಕನ್ನಡಿಯಲ್ಲಿ ಹುಡುಕಿದ. ಸಾಮಾನ್ಯ ಕನ್ನಡಿ, ಏನೂ ಹೇಳಲಿಲ್ಲ. ಇದೂ ಯಮನೂರಪ್ಪನ ಏನೋ ಆಟವಿರಬೇಕು ಎಂದು ತೀರ್ಮಾನಿಸಿ, ಹದಿಮೂರು ಹೆಸರುಗಳಲ್ಲಿ ಅತ್ಯಂತ ಖಾರವಾದದ್ದಕ್ಕೆ ಅಡಿಗೆರೆ ಎಳೆದ.

ಭಾನುವಾರ ಬಂತು. ಊರಿನಲ್ಲಿ ಆಟೋಗಳು ಡ್ರೈವರಿಲ್ಲದೆ ಓಡುತ್ತಿದ್ದ ಕಾಲ ಅದು; ಬಂಡೆ ಹತ್ತುವವರ ಹಗ್ಗವನ್ನೂ ಯಂತ್ರವೇ ಹಿಡಿಯುತ್ತಿತ್ತು. ಆದರೆ ಮೊದಲ ಆರೋಹಣಕ್ಕೆ ಹಗ್ಗ ಮನುಷ್ಯನ ಕೈಯಲ್ಲೇ ಇರಬೇಕೆಂದು ಸಂಘದ ನಿಯಮ. ಮೈಗನ್ನಡಿ ತೊಡಬಾರದೆಂದು ಮಾತ್ರ ನಿಯಮವಿರಲಿಲ್ಲ, ನಿಯಮ ಬರೆದಾಗ ಅದು ಹುಟ್ಟಿರಲಿಲ್ಲ. ಸಂಘದವರೆಲ್ಲ ಗುಳೇದಗುಡ್ಡಕ್ಕೆ ಒಂದು ಮದುವೆಗೆ ಹೋಗಿದ್ದರು. ಮಧ್ಯಾಹ್ನ ನಾಲ್ಕಾದರೂ ಹಗ್ಗ ಹಿಡಿಯಲು ಒಬ್ಬರೂ ಸಿಗದೆ, ಮುರಿಗೆಪ್ಪ ಉಡುಪು ತೊಟ್ಟುಕೊಂಡು ಗೋಡೆಯ ಬುಡದಲ್ಲಿ ಒಂಟಿಯಾಗಿ ಚಡಪಡಿಸುತ್ತಿದ್ದ. ಆಗ ಯಮನೂರಪ್ಪ ಮದುವೆಯ ಹೊಸ ಅಂಗಿಯಲ್ಲೇ ಬಂದ. ಊಟಕ್ಕೂ ನಿಲ್ಲದೆ ಬಂದಿದ್ದ. ಸೂರ್ಯ ಮುಳುಗಿದ ಕ್ಷಣ ತಾನೇ ಹತ್ತಬೇಕೆಂದು ಅವನ ಲೆಕ್ಕ. ಅಂಗೈ ಬೆವರದಂತೆ ಹಚ್ಚಿಕೊಳ್ಳುವ ಚಾಕ್ ಪುಡಿಯ ಚೀಲ ಸೊಂಟದಲ್ಲೇ ಇತ್ತು.

ಮುರಿಗೆಪ್ಪನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ. "ಈಗ ಹತ್ತಾಂವ ಯಾರಲೇ? ನೀನೋ, ನಾನೋ?"

"ನೀ ಹಗ್ಗ ಹಿಡಿ. ತುದಿಗೆ ಹೋಗಿ ಹೇಳ್ತೀನಿ."

ಯಮನೂರಪ್ಪ ಹಗ್ಗ ಹಿಡಿದ. ಬಂಡೆಗಾರರಲ್ಲಿ ಎಷ್ಟೇ ಹಗೆಯಿರಲಿ, ಹಗ್ಗ ಹಿಡಿಯಲು ಇಲ್ಲವೆನ್ನುವುದಿಲ್ಲ. ಹಿಡಿದ ಮೇಲೆ ಸಡಿಲ ಬಿಡುವುದೂ ಇಲ್ಲ. ಮುರಿಗೆಪ್ಪ ಬಂಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಟ. ಒಂದು, ಎರಡು, ಮೂರು ಬೋಲ್ಟು. ಹತ್ತು ವರ್ಷದಿಂದ ಅವನ ಉಗುರು ಕಿತ್ತ ಗೋಡೆ ಈಗ ಏಣಿಯಾಗಿತ್ತು. ಐದು, ಆರು. ಏಳನೇ ಬೋಲ್ಟಿನ ಹತ್ತಿರ ಬಂಡೆ ಹೊರಗೆ ಬಾಗಿತು. ಕೈಗಳು ಅಂಚನ್ನು ಹಿಡಿದವು. ಬಲಗಾಲು ಎದ್ದಿತು.

ಕತ್ತು ಎಡಕ್ಕೆ, ಕೆಳಕ್ಕೆ ತಿರುಗಿತು.

ಅಲ್ಲಿ ಹಗ್ಗ ಹಿಡಿದುಕೊಂಡು ಯಮನೂರಪ್ಪ ನಿಂತಿದ್ದ. ಅವನ ಮುಖ ಮೇಲಕ್ಕೆ ನೆಟ್ಟಿತ್ತು. ತುಟಿ ಒಂದು ಬದಿಗೆ ಸೊಟ್ಟಗಾಗಿತ್ತು, ಹುಬ್ಬು ಗಂಟಿಕ್ಕಿತ್ತು, ಕಣ್ಣುಗಳು ಇವನ ಕಾಲನ್ನೇ ನೋಡುತ್ತ ಜಾರಲಿ, ಜಾರಲಿ ಎಂದು ಜಪಿಸುತ್ತಿದ್ದವು. ಕೈಗಳು ಮಾತ್ರ ಹಗ್ಗವನ್ನು ಕೂಸಿನ ತೊಟ್ಟಿಲ ಹಗ್ಗದಂತೆ ಜೋಪಾನವಾಗಿ ಹಿಡಿದಿದ್ದವು. ಎರಡು ತಿಂಗಳು ಚಪ್ಪಟೆ ಕಲ್ಲಿನ ಮೇಲೆ ತಾನು ಹೇಗೆ ಕಾಣುತ್ತಿದ್ದನೆಂಬುದನ್ನು ಮುರಿಗೆಪ್ಪ ಮೊದಲ ಸಲ ನೋಡಿದ. ಎಷ್ಟು ಕೆಟ್ಟದಾಗಿ ಕಾಣುತ್ತಿದ್ದ! ಇಂಥದೊಂದು ಮುಖ ನೋಡಿ ಹೊಟ್ಟೆ ಬಿಗಿಮಾಡಿಕೊಂಡು ಈ ಮನುಷ್ಯ ಹದಿನೇಳು ಗೋಡೆ ಹತ್ತಿದ್ದಾನೆ.

ಉಡುಪು ಹೊಟ್ಟೆಯನ್ನು ಚಿವುಟಿತು. ಬಿಗಿಯಬೇಕಾದ ಹೊಟ್ಟೆಯಲ್ಲಿ ನಗು ಉಕ್ಕಿತು. ನಗುವ ಹೊಟ್ಟೆ ಬಿಗಿಯಾಗುವುದಿಲ್ಲ. ಎರಡೂ ಕಾಲು ಬಂಡೆ ಬಿಟ್ಟವು, ಬೆರಳು ಕಳಚಿತು, ಮುರಿಗೆಪ್ಪ ಹನ್ನೆರಡು ಅಡಿ ಬಿದ್ದು ಹಗ್ಗದ ತುದಿಯಲ್ಲಿ ತಕ್ಕಡಿಯ ತಟ್ಟೆಯಂತೆ ತೂಗಾಡಿದ. ನಗು ನಿಲ್ಲಲಿಲ್ಲ.

"ಲೇ ಯಮನ್ಯಾ," ಎಂದ ತೂಗಾಡುತ್ತಲೇ, "ನನ್ನ ನೋಡಿ ಯಾಕಲೇ ಹೊಟ್ಟಿ ಉರ್ಕೊಂತಿದ್ದಿ?"

ಯಮನೂರಪ್ಪ ಹಗ್ಗ ಬಿಡುತ್ತ ಅವನನ್ನು ಮೆಲ್ಲಗೆ ನೆಲಕ್ಕಿಳಿಸಿದ. ಇವನು ನಕ್ಕಿದ್ದಕ್ಕೆ ಸಿಟ್ಟು ಬಂದಿತ್ತು, ಬಿದ್ದಿದ್ದಕ್ಕೆ ಸಮಾಧಾನವಾಗಿತ್ತು, ಎರಡೂ ಮುಖದ ಮೇಲೆ ಒಟ್ಟಿಗೇ ಇದ್ದವು.

"ಗ್ವಾಡಿ ಹುಡುಕೋ ಕಣ್ಣು ನಿಂದು," ಎಂದ. "ನೀ ಬೋಳು ಬಂಡಿ ಮುಂದ ನಿಂತು ದಾರಿ ಐತಿ ಅಂತೀ, ಅಲ್ಲಿ ದಾರಿ ಇರ್ತೈತಿ. ನನಗ ಇಪ್ಪತ್ತು ವರ್ಷದಾಗ ಒಂದರ ಕಂಡೈತೇನು? ನಾ ಹತ್ತಿದ ಹದಿನೇಳೂ ನೀ ಉಜ್ಜಿ ಇಟ್ಟಿದ್ದು. ನಂದು ಅಂತ ಒಂದ ಕೆಂಪು ಪಟ್ಟಿ ಕಟ್ಟಿದ್ದು ನೋಡಿಯೇನು?"

ಮುರಿಗೆಪ್ಪ ನೋಡಿರಲಿಲ್ಲ. ಅಂಥದೊಂದು ಇಲ್ಲವೆಂಬುದನ್ನು ಗಮನಿಸಿಯೂ ಇರಲಿಲ್ಲ.

ಸೂರ್ಯ ಇಳಿದ. ಮುರಿಗೆಪ್ಪನೇ ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡು ಹಗ್ಗವನ್ನು ಕೈಗೆ ತೆಗೆದುಕೊಂಡ. ಬೆಳಕು ಇನ್ನೂ ಇದ್ದಾಗಲೇ ಯಮನೂರಪ್ಪ ಸ್ವಂತ ಮೈಯಲ್ಲೇ ಹತ್ತಿದ. ಏಳನೇ ಬೋಲ್ಟಿನ ಹತ್ತಿರ ಎಡಕ್ಕೆ, ಕೆಳಕ್ಕೆ ನೋಡಿದ. ಅಲ್ಲಿ ಮುರಿಗೆಪ್ಪ ಬಾಯಿ ತೆರೆದು, ಸಂತೋಷದಿಂದ, ಇವನು ಹತ್ತಿಯೇ ಬಿಡಲಿ ಎಂಬ ಮುಖ ಮಾಡಿಕೊಂಡು ನಿಂತಿದ್ದ. ಯಮನೂರಪ್ಪನ ಕಾಲುಗಳು ಬಂಡೆ ಬಿಟ್ಟವು.

ಹಗ್ಗದಲ್ಲಿ ನೇತಾಡುತ್ತ ಆತ ಗದರಿದ. "ಮಾರಿ ಸರಿ ಮಾಡ್ಕೊಂಡು ನಿಂದ್ರೋ. ಮೊದಲಿನಂಗ."

ಮುರಿಗೆಪ್ಪ ಪ್ರಯತ್ನಿಸಿದ. ಹುಬ್ಬು ಗಂಟಿಕ್ಕಿದ, ತುಟಿ ಸೊಟ್ಟ ಮಾಡಿದ. ನಾಟಕದ ಮೀಸೆ ಅಂಟಿಸಿಕೊಂಡವನಂತೆ ಕಂಡ. ಇನ್ನೆರಡು ಸಲ ಯಮನೂರಪ್ಪ ಬಿದ್ದ. ಇಬ್ಬರೂ ಹಗ್ಗ ಸುತ್ತಿಟ್ಟು ಚಹಾ ಕುಡಿಯಲು ಹೋದರು. ಚಹಾದ ಅಂಗಡಿಯಲ್ಲಿ ಅವರು ಜೊತೆಯಾಗಿ ಕುಳಿತಿದ್ದನ್ನು ನೋಡಿ ಮಾಲೀಕ ಎರಡು ಸಲ ಬಂದು ಟೇಬಲ್ ಒರೆಸಿದ.

ಗೋಡೆ ಈಗ ಎಲ್ಲರದಾಗಿತ್ತು, ಯಾರದೂ ಆಗಿರಲಿಲ್ಲ. ಮೈಗನ್ನಡಿ ತೊಟ್ಟವರು ಮೂರು ದಿನ ಒಬ್ಬರ ಮೇಲೊಬ್ಬರು ಏಳನೇ ಬೋಲ್ಟಿನಿಂದ ಉದುರಿದರು. ಗುರುವಾರ ಅಂಬುಜಾ ಅಕ್ಕೋರು ಬಂದರು, ಹಗ್ಗವನ್ನು ಸಂಘದವರೊಬ್ಬರು ಹಿಡಿದರು. ಎಂದಿನಂತೆ ಗೋದಾವರಿಯೂ ಬಂದಳು. ನೆರಳಿರುವ ಜಾಗ ಹುಡುಕಿ, ಎಡಗಡೆಯ ಬುಡದಲ್ಲಿ ಚಾಪೆ ಹಾಸಿ, ಚುರುಮುರಿ ಪೊಟ್ಟಣ ಬಿಚ್ಚಿದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅಕ್ಕೋರು ಮಾಡಿದ ಒಂದು ಹೋಳಿಗೆಯನ್ನೂ ಗಂಡನ ಮನೆಯವರು ಗೋದಾವರಿಯ ಹೋಳಿಗೆಯ ಪಕ್ಕದಲ್ಲಿಟ್ಟು ನೋಡದೆ ತಿಂದಿರಲಿಲ್ಲ. ಏಳನೇ ಬೋಲ್ಟಿನ ಹತ್ತಿರ ಅಕ್ಕೋರ ಕತ್ತು ಎಡಕ್ಕೆ, ಕೆಳಕ್ಕೆ ತಿರುಗಿತು. ಗೋದಾವರಿ ಆಕಳಿಸುತ್ತಿದ್ದಳು.

ಉಡುಪು ಚಿವುಟುವ ಮೊದಲೇ ಅಕ್ಕೋರ ಹೊಟ್ಟೆ ಬಂಡೆಗಿಂತ ಗಟ್ಟಿಯಾಯಿತು. ಕಾಲು ಕದಲಲಿಲ್ಲ. ಒಂದು, ಎರಡು, ಮೂರು ಹಿಡಿ, ಅಷ್ಟೆ. ಹಗ್ಗದ ಮೇಲೆ ಒಮ್ಮೆಯೂ ಭಾರ ಬಿಡದೆ ಅವರು ತುದಿ ಮುಟ್ಟಿದರು.

ಡಾಕ್ಟರ್ ವಿಶಾಖಾ ಆ ವಾರ ಮೈಗನ್ನಡಿಯ ಕೈಪಿಡಿಗೆ ಒಂದು ಸಾಲು ಸೇರಿಸಿದರು. ಬಾಗಿದ ಬಂಡೆ ಹತ್ತುವವರು ತಮ್ಮೊಂದಿಗೆ ಒಬ್ಬ ಹತ್ತಿರದ ಸಂಬಂಧಿಕರನ್ನು ಕರೆತರತಕ್ಕದ್ದು, ಮತ್ತು ಅವರನ್ನು ಎಡಗಡೆ ಕೂರಿಸತಕ್ಕದ್ದು. ನಡಿಗೆ ಮರೆತವರಿಗಾಗಿ ಹೊಸ ಲಿಪಿ ಬರೆಸಲು ಹೊರಟಾಗ ಅವರು ಮೂಲದೇಹಿಯ ಕಾಲನ್ನು ಪರೀಕ್ಷಿಸುವ ಮೊದಲು ಕೇಳಿದ ಪ್ರಶ್ನೆ ಬೇರೆಯೇ ಆಗಿತ್ತು: ನೀವು ನಡೆಯುವಾಗ ಯಾರ ಮನೆಯ ಕಡೆ ನೋಡುತ್ತೀರಿ?

ಅಕ್ಕೋರು ಬುಡದ ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ, ಕಪ್ಪುಹಲಗೆಯ ಮೇಲೆ ಬರೆದು ಪಳಗಿದ ದುಂಡನೆಯ ಅಕ್ಷರಗಳಲ್ಲಿ ಗೋಡೆಯ ಹೆಸರು ಬರೆದರು: 'ನೋಡಿದೇನ ಗೋದಾವರಿ'. ಗೋದಾವರಿ ಅದನ್ನು ಎರಡು ಸಲ ಓದಿ, ತನ್ನ ಅಳತೆಯ ಉಡುಪು ಪ್ರಯೋಗಾಲಯದಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿದಳು.

ಚಪ್ಪಟೆ ಕಲ್ಲಿನ ಮೇಲೆ ಮುರಿಗೆಪ್ಪ, ಯಮನೂರಪ್ಪ ಒತ್ತಿಕೊಂಡು ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ಬುತ್ತಿ ಬಿಚ್ಚಿತ್ತು, ಯಾರೂ ತಿನ್ನುತ್ತಿರಲಿಲ್ಲ. ಹತ್ತು ವರ್ಷದ ಗೋಡೆ. ಹದಿಮೂರು ಹೆಸರು. ಅರವತ್ತನಾಲ್ಕರ ಅಕ್ಕೋರು, ಎಣ್ಣೆ ಹಚ್ಚಿದ ಮಂಡಿ. ಇಬ್ಬರ ತುಟಿಯೂ ಒಂದೇ ಬದಿಗೆ ಸೊಟ್ಟಗಾಗಿತ್ತು. ಮುರಿಗೆಪ್ಪ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡ. ಮೊದಲಿನಂತೆಯೇ ಕಲ್ಲಾಗಿತ್ತು. ಕೈ ಚಾ‌ಚಿ ಯಮನೂರಪ್ಪನದನ್ನೂ ಮುಟ್ಟಿ ನೋಡಿದ.

ಎದುರಿನ ದಿಬ್ಬದಾಚೆಯ ಬೋಳು ಬಂಡೆಯ ಕಡೆ ಗದ್ದ ಎತ್ತಿ ತೋರಿಸಿ, ಅಲ್ಲಿ ಒಂದು ದಾರಿಯಿದೆ ಎಂದ. ಯಮನೂರಪ್ಪ ಕಣ್ಣು ಕಿರಿದು ಮಾಡಿ ನೋಡಿದ, ಏನೂ ಕಾಣಲಿಲ್ಲ. ಮುರಿಗೆಪ್ಪ ಜೇಬಿನಿಂದ ಕೆಂಪು ಪಟ್ಟಿಯನ್ನು ತೆಗೆದು ಅವನ ಕೈಯಲ್ಲಿಟ್ಟ.

"ನೀ ಕಟ್ಟು," ಎಂದ. "ಆದ್ರ ಲಗೂನ ಕಟ್ಟು. ಅಕ್ಕೋರು ಈ ಕಡೆನ ನೋಡಾಕತ್ತಾರ."